ಸರ್ವೀಸ್ ದಾಖಲೆ ಇಲ್ಲವೆಂದರೆ ಸರ್ವೀಸ್ ಆಗಿಲ್ಲವೆಂದೇ ಲೆಕ್ಕ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಕೊಳ್ಳುವ ಹಂತಕ್ಕೇ ಮುಗಿದುಬಿಡುತ್ತವೆ. ಬಣ್ಣ ನೋಡಿ, ಕಾಗದಪತ್ರ ನೋಡಿ, ಒಂದು ಸುತ್ತು ಓಡಿಸಿ ನೋಡಿ ಎನ್ನುತ್ತವೆ. ಕೀಲಿಕೈ ಕೈಗೆ ಬಂದ ಮರುದಿನ ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ‘ಆಯಿಲ್ ಬದಲಿಸಿ, ಓಡಿಸಿ’ ಎಂಬ ಒಂದೇ ಸಾಲಿನ ಉತ್ತರ. ಎರಡು ಲಕ್ಷ ಕಿಲೋಮೀಟರ್ ಓಡಿದ, ಯಾವಾಗ ಏನು ಬದಲಾಗಿದೆಯೆಂದು ಯಾರಿಗೂ ಗೊತ್ತಿಲ್ಲದ ಕಾರಿಗೆ ಅಷ್ಟು ಸಾಲದು. ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸುವುದೂ ಸರಿಯಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಮುಟ್ಟಲೇಬಾರದು ಎಂಬ ಕ್ರಮವೇ ಇಲ್ಲಿ ಮುಖ್ಯ. ಅದರ ಬಗ್ಗೆ ಈ ಪತ್ರ.

ಹಿಂದಿನ ಮಾಲೀಕರು ‘ಎಲ್ಲ ಸಮಯಕ್ಕೆ ಸರಿಯಾಗಿ ಮಾಡಿಸಿದ್ದೇವೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಿಲ್ಲ. ಅವರಿಗೂ ಹಿಂದೆ ಇನ್ನೊಬ್ಬ ಮಾಲೀಕರಿದ್ದಿರಬಹುದು, ನೆನಪೂ ಕೈಕೊಡುತ್ತದೆ. ದಿನಾಂಕ, ಕಿಲೋಮೀಟರ್, ಹಾಕಿದ ಭಾಗದ ಹೆಸರು, ಈ ಮೂರೂ ಇರುವ ಬಿಲ್ ಸಿಕ್ಕರೆ ಆ ಕೆಲಸ ಆಗಿದೆ; ಇಲ್ಲದಿದ್ದರೆ ಆಗಿಲ್ಲ. ಆಗಿಲ್ಲದ ಪ್ರತಿಯೊಂದು ಕೆಲಸಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕೆಟ್ಟರೆ ಏನಾಗುತ್ತದೆ? ಜೀವಕ್ಕೆ ಅಪಾಯವೆಂದರೆ ಇವತ್ತೇ. ಎಂಜಿನ್ ಅಥವಾ ಗೇರ್‌ಬಾಕ್ಸ್ ಹಾಳಾಗುತ್ತದೆಯೆಂದರೆ ಈ ತಿಂಗಳು. ರಸ್ತೆಬದಿಯಲ್ಲಿ ನಿಲ್ಲಬೇಕಾಗುತ್ತದೆ ಅಷ್ಟೇ ಎಂದರೆ ಮುಂದಿನ ಸರದಿ. ಬರೀ ಸದ್ದು ಬರುತ್ತದೆಂದರೆ ಕಾಯಬಹುದು.

ಸ್ಪ್ಯಾನರ್ ಹಿಡಿಯುವ ಮೊದಲು ಕಾರನ್ನು ಓದಬೇಕು. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನಿಂದ ಶುರು ಮಾಡಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಚೆಕ್ ಎಂಜಿನ್, ಆಯಿಲ್, ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಿಕೊಳ್ಳಬೇಕು. ಹೊತ್ತಿ ಆರಬೇಕಾದ ದೀಪ ಹೊತ್ತುವುದೇ ಇಲ್ಲವೆಂದರೆ ಯಾರೋ ಬಲ್ಬ್ ತೆಗೆದಿದ್ದಾರೆ ಅಥವಾ ವೈರ್ ಕತ್ತರಿಸಿದ್ದಾರೆ ಎಂದೇ ಅನುಮಾನಿಸಬೇಕು. ಉರಿಯುತ್ತಲೇ ಇರುವ ದೀಪಕ್ಕಿಂತ ಅದು ಕೆಟ್ಟ ಸುದ್ದಿ. ಆಮೇಲೆ ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿ. ದೋಷದ ಕೋಡ್ ಇಲ್ಲವೆಂದು ಅಲ್ಲಿಗೇ ನಿಲ್ಲಬೇಡಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯೇ ಎಂದು ತೋರಿಸುವ ‘ರೆಡಿನೆಸ್ ಮಾನಿಟರ್’ ಎಂಬ ಪುಟ ತೆರೆಯಿರಿ. ಅಲ್ಲಿ ಹೆಚ್ಚಿನವು ‘ಅಪೂರ್ಣ’ ಎಂದಿದ್ದರೆ ಕೋಡ್‌ಗಳನ್ನು ಇತ್ತೀಚೆಗೆ ಅಳಿಸಲಾಗಿದೆ, ಇಲ್ಲವೇ ಬ್ಯಾಟರಿ ಬಿಚ್ಚಲಾಗಿದೆ. ಕೆಲವು ದಿನ ಓಡಿಸಿ ಮತ್ತೆ ನೋಡಿದರೆ ಅಡಗಿದ್ದ ದೋಷ ತಾನಾಗಿ ಹೊರಬೀಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಫ್ಯೂಯೆಲ್ ಟ್ರಿಮ್ ಅಂಕಿಯನ್ನೂ, ಅಂದರೆ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಅಥವಾ ಇಳಿಸುತ್ತಿದೆ ಎಂಬುದನ್ನೂ ನೋಡಿ. ಐಡ್ಲಿಂಗ್‌ನಲ್ಲಿ ಶೇ 10ಕ್ಕಿಂತ ಹೆಚ್ಚು ಧನಾತ್ಮಕವಾಗಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕುಬಿಟ್ಟು ಗಾಳಿ ಎಳೆಯುತ್ತಿದೆ. ಆರ್‌ಪಿಎಂ ಜೊತೆಗೇ ಏರಿದರೆ ಇಂಧನದ ಪಂಪ್ ಅಥವಾ ಫಿಲ್ಟರ್ ಕಡೆ ತಿರುಗಬೇಕು. ಇಷ್ಟು ನೋಡಿಕೊಂಡರೆ ಬೇಡದ ಸೆನ್ಸರ್‌ಗಳನ್ನು ಊಹೆಯ ಮೇಲೆ ಬದಲಿಸುವುದು ತಪ್ಪುತ್ತದೆ.

ಈಗ ಬ್ರೇಕ್. ಪ್ಯಾಡ್ ಎಷ್ಟು ಉಳಿದಿದೆ ಎಂದು ಎಲ್ಲರೂ ನೋಡುತ್ತಾರೆ (3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ), ಬ್ರೇಕ್ ಆಯಿಲನ್ನು ಮಾತ್ರ ಯಾರೂ ಕೇಳುವುದಿಲ್ಲ. ಡಾಟ್ 3, ಡಾಟ್ 4, ಡಾಟ್ 5.1 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕಾಗಿಯೇ. ಚರಿತ್ರೆ ಗೊತ್ತಿಲ್ಲದ ಕಾರಿನಲ್ಲಿ ಬಣ್ಣ ನೋಡುತ್ತ ಕೂರದೆ ಹಳೆಯದನ್ನು ಪೂರ್ತಿ ಹೊರಹಾಕಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ ಬ್ಲೀಡಿಂಗ್, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಹಾಕುವ ಕೆಲಸ, ಶುರುವಾಗುತ್ತದೆ; ಕೆಲವು ಮಾದರಿಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಿಕೊಳ್ಳಿ. ಹೊಸ ಆಯಿಲ್ ತುಂಬಿಸುವ ಮೇಲಿನ ಡಬ್ಬಿ ನಡುವೆ ಖಾಲಿಯಾಗಲು ಬಿಡಬಾರದು. ಸಿಲಿಕೋನ್ ಆಧಾರಿತ ಡಾಟ್ 5 ಹೆಸರಿನಲ್ಲಿ ಹತ್ತಿರವಿದ್ದರೂ ಬೇರೆಯೇ ಜಾತಿ, ಬೆರೆಸಲೇಬಾರದು.

ಹಳೆಯ ಕಾರಿನ ಬ್ಲೀಡಿಂಗ್‌ನಲ್ಲಿ ಒಂದು ಗುಟ್ಟಿದೆ. ದಿನನಿತ್ಯದ ಬಳಕೆಯಲ್ಲಿ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲ್‌ಗಳು ಒಂದು ಸಣ್ಣ ಅಂತರದಲ್ಲಷ್ಟೇ ಹಿಂದೆ ಮುಂದೆ ಓಡಾಡಿರುತ್ತವೆ. ಅದರಾಚೆಯ ಗೋಡೆಯ ಮೇಲೆ ವರ್ಷಗಟ್ಟಲೆ ತುಕ್ಕು, ಕಸ ಕೂತಿರುತ್ತದೆ. ಬ್ಲೀಡಿಂಗ್ ಮಾಡುವಾಗ ಪೆಡಲನ್ನು ನೆಲಕ್ಕೆ ಅದುಮಿದರೆ ಸೀಲ್ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ‘ಆಯಿಲ್ ಬದಲಿಸಿದ ಮೇಲೆಯೇ ಬ್ರೇಕ್ ಕೆಟ್ಟಿತು’ ಎಂಬ ದೂರು ಹುಟ್ಟುವುದು ಹೀಗೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಅದು ಪೂರ್ತಿ ಇಳಿಯದಂತೆ ತಡೆದರೆ ಸಾಕು. ಚಕ್ರದ ಬಳಿಯ ರಬ್ಬರ್ ಹೋಸ್‌ಗಳನ್ನೂ ಬಗ್ಗಿಸಿ ಬಿರುಕು ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡ ಹೋಸ್ ಒತ್ತಡವನ್ನು ಹಿಂದಕ್ಕೆ ಬಿಡುವುದಿಲ್ಲ, ಬ್ರೇಕ್ ಹಿಡಿದೇ ಇರುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಬಳಿ ಮಾತ್ರ ವಿಪರೀತ ಬಿಸಿ ಬರುತ್ತಿದ್ದರೆ ಹೋಸ್ ಅಥವಾ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಜಾರುವ ಪಿನ್ ಹಿಡಿದಿದೆ ಎಂದು ತಿಳಿಯಿರಿ.

ಟೈರಿನಲ್ಲಿ ಹಿಡಿತದ ಗೀರು ಎಷ್ಟು ಆಳವಿದೆ ಎನ್ನುವುದರ ಜೊತೆಗೆ ವಯಸ್ಸನ್ನೂ ನೋಡಬೇಕು. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಗುರುತಿನ ಕೊನೆಯಲ್ಲಿರುವ ನಾಲ್ಕು ಅಂಕಿಗಳಲ್ಲಿ 2317 ಎಂದಿದ್ದರೆ ಅದು 2017ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರು ಎಷ್ಟೇ ದಪ್ಪವಿದ್ದರೂ ಬೇಡ. ಸ್ಟೆಪ್ನಿಯನ್ನು ಮರೆಯಬೇಡಿ, ಕಾರಿನಷ್ಟೇ ವಯಸ್ಸಾದ ಸ್ಟೆಪ್ನಿಗಳು ಡಿಕ್ಕಿಯಲ್ಲಿ ಸಾಕಷ್ಟಿವೆ. ಸವೆತವೂ ಕಥೆ ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಜಾಸ್ತಿ, ಒಂದೇ ಅಂಚಾದರೆ ಅಲೈನ್‌ಮೆಂಟ್, ಅಲ್ಲಲ್ಲಿ ಗುಂಡಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ.

ಎಂಜಿನ್ನಿಗೆ ಬಂದರೆ ಮೊದಲ ಪ್ರಶ್ನೆ ಆಯಿಲ್ ಅಲ್ಲ, ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್ನಿನಲ್ಲಿ ಇರುವುದು ರಬ್ಬರ್ ಬೆಲ್ಟೋ ಚೈನೋ ಎಂದು ಎಂಜಿನ್ ಕೋಡ್ ಹಿಡಿದು ಖಚಿತಪಡಿಸಿಕೊಳ್ಳಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲಿಗೆ ಚೈನ್, ಡೀಸೆಲಿಗೆ ಬೆಲ್ಟ್ ಇರಬಹುದು. ಬೆಲ್ಟ್ ಆಗಿದ್ದರೆ ಬದಲಿಸುವ ಅವಧಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಬಹಳಷ್ಟು ಹಳೆಯ ವಿನ್ಯಾಸಗಳಲ್ಲಿ 60,000ದಿಂದ 1,00,000 ಕಿ.ಮೀ. ನಡುವೆ ಬರುತ್ತದೆ, ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ಬೆಲ್ಟ್ ಹರಿದರೆ ಏನಾಗುತ್ತದೆ? ಅನೇಕ ಎಂಜಿನ್ನುಗಳಲ್ಲಿ ತೆರೆದ ವಾಲ್ವ್ ಮತ್ತು ಮೇಲೇರುವ ಪಿಸ್ಟನ್ ಒಂದೇ ಜಾಗವನ್ನು ಸರದಿಯಲ್ಲಿ ಬಳಸುತ್ತವೆ. ಸರದಿ ತಪ್ಪಿದ ಕ್ಷಣವೇ ಪಿಸ್ಟನ್ ವಾಲ್ವಿಗೆ ಬಡಿದು ಅದನ್ನು ಬಗ್ಗಿಸುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಗತ್ಯಂತರವಿಲ್ಲ. ಹರಿಯುವ ಮೊದಲು ಬೆಲ್ಟ್ ಸದ್ದು ಮಾಡಿ ಎಚ್ಚರಿಸುತ್ತದೆ ಎಂದು ಕಾಯುವಂತಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಬೆಲ್ಟಿನ ಹಲ್ಲು ಕೂಡ ಒಂದು ಬೆಳಗ್ಗೆ ಕಿತ್ತುಬರಬಹುದು. ಆದ್ದರಿಂದ ದಾಖಲೆ ಇಲ್ಲದ ಬೆಲ್ಟನ್ನು ‘ಪರೀಕ್ಷಿಸುವ’ ಮಾತೇ ಬೇಡ, ಬದಲಿಸಿ.

ಬೆಲ್ಟ್ ಒಂದನ್ನೇ ಹಾಕಿಸುವುದು ಅರ್ಧ ಕೆಲಸ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಪುಲ್ಲಿ, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಎಲ್ಲವನ್ನೂ ಜೊತೆಗೇ ಬದಲಿಸಬೇಕು. ಹಳೆಯ ಟೆನ್ಷನರಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ. ಆ ಜಾಗದಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಅಥವಾ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಅದನ್ನೂ ಈಗಲೇ ಹಾಕಿಸಿ, ಆಯಿಲ್ ತಗುಲಿದ ರಬ್ಬರ್ ಬಾಳುವುದಿಲ್ಲ. ಜೋಡಿಸಿದ ಮೇಲೆ ಸ್ಟಾರ್ಟರ್ ಮುಟ್ಟುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿಕೊಳ್ಳುತ್ತವೆಯೇ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ವಾಲ್ವ್ ತಾಗುತ್ತಿದೆ ಎಂದರ್ಥ.

ಚೈನ್ ಇರುವವರು ನಿಶ್ಚಿಂತೆಯಿಂದ ಇರಬಹುದೆಂಬ ಮಾತನ್ನು ಪೂರ್ತಿ ಒಪ್ಪಲಾಗದು. ಚೈನಿನ ಟೆನ್ಷನರ್ ಹೆಚ್ಚಾಗಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಕಡೆಗಣಿಸಿದ ಎಂಜಿನ್ನಿನಲ್ಲಿ ಚೈನ್ ಜಗ್ಗುತ್ತದೆ, ತಣ್ಣನೆಯ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡು ಗರಗರ ಎನ್ನುತ್ತದೆ. ಅದರ ಜೊತೆ ಪಿ0016 ಕೋಡ್, ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆಯ ದೋಷವೂ ಬಂದರೆ ಇನ್ನು ತಡಮಾಡಬಾರದು. ಆಯಿಲಿನಲ್ಲೇ ನೆನೆದು ಓಡುವ ರಬ್ಬರ್ ಬೆಲ್ಟ್ ಕೆಲವು ಎಂಜಿನ್ನುಗಳಲ್ಲಿದೆ. ಅವುಗಳಿಗೆ ಹೇಳಿದ ಗುಣಮಟ್ಟದ ಆಯಿಲನ್ನೇ ಹಾಕದಿದ್ದರೆ ರಬ್ಬರ್ ಪುಡಿಯಾಗಿ ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತದೆ.

ಆ ಜಾಲರಿಯ ವಿಷಯಕ್ಕೇ ಬಂದೆವು. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಒಳಗೆ ನೋಡಿ. ತಿಳಿ ಕಂದು ಬಣ್ಣದ ತೆಳುಪದರ ವಯಸ್ಸಿನ ಗುರುತಷ್ಟೇ. ಟಾರಿನಂಥ ಕಪ್ಪು ಕೆಸರು ಹೆಪ್ಪುಗಟ್ಟಿದ್ದರೆ ವರ್ಷಗಟ್ಟಲೆ ಆಯಿಲ್ ಬದಲಾಗಿಲ್ಲ. ಇಂಥ ಎಂಜಿನ್ನಿಗೆ ‘ಫ್ಲಶ್’ ಎಂಬ ದ್ರಾವಕ ಹಾಕಿ ಹತ್ತು ನಿಮಿಷ ಓಡಿಸಿ ಇಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ಜೂಜು. ಕೆಸರು ಕರಗುವ ಬದಲು ಚಕ್ಕೆಚಕ್ಕೆಯಾಗಿ ಎದ್ದು ಜಾಲರಿಗೆ ಹೋಗಿ ಕೂತರೆ ಬೇರಿಂಗ್‌ಗೆ ಆಯಿಲ್ ತಲುಪುವುದಿಲ್ಲ. ನಿಧಾನವಾದ ದಾರಿಯೇ ಮೇಲು. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಒಳ್ಳೆಯ ಡಿಟರ್ಜೆಂಟ್ ಗುಣದ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ, 1,500ರಿಂದ 2,000 ಕಿ.ಮೀ.ಗೆ ಎರಡನ್ನೂ ಮತ್ತೆ ಬದಲಿಸಿ, ಆಮೇಲೆ ಇನ್ನೊಮ್ಮೆ ಹಾಗೆಯೇ. ಅನಂತರ 5,000 ಕಿ.ಮೀ.ಗೆ ಒಮ್ಮೆ. ಕೆಸರು ತೀರಾ ದಪ್ಪವಿದ್ದರೆ ಆಯಿಲ್ ಚೇಂಬರ್ ಇಳಿಸಿ ಜಾಲರಿಯನ್ನು ಕೈಯಿಂದ ತೊಳೆಯುವುದೊಂದೇ ನಂಬಬಹುದಾದ ಉಪಾಯ.

ಮೊದಲ ಬಾರಿ ಇಳಿಸಿದ ಫಿಲ್ಟರನ್ನು ಎಸೆಯಬೇಡಿ. ಡಬ್ಬಿ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣದ್ದು. ಅಂಟದ ತಾಮ್ರದ ಬಣ್ಣದ ಮಿನುಗು ಬೇರಿಂಗ್ ಸವೆಯುತ್ತಿರುವುದರ ಸುಳಿವು. ಅಂಥದು ಕಂಡರೆ ಬೇರೆ ಖರ್ಚುಗಳನ್ನೆಲ್ಲ ನಿಲ್ಲಿಸಿ ಮೊದಲು ಆಯಿಲ್ ಒತ್ತಡವನ್ನು ಪ್ರತ್ಯೇಕ ಗೇಜ್ ಹಾಕಿ ಅಳೆಯಿಸಿ. ಕಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ದೀಪ ಮಿಣುಕಿದರೂ ಇದೇ ಪರೀಕ್ಷೆ. ದಪ್ಪ ಆಯಿಲ್ ಹಾಕಿ ದೀಪವನ್ನು ಆರಿಸುವುದು ಜ್ವರ ಬಂದಾಗ ಥರ್ಮಾಮೀಟರ್ ಮುರಿದಂತೆ.

ಹೊಗೆಯನ್ನೂ ಓದಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಎಳೆಯುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಅನುಮಾನವಿದ್ದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ಶೇ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿನಡಿಯ ಸೀಲ್). ಆಯಿಲ್ ಅಲ್ಲಲ್ಲಿ ಜಿನುಗುತ್ತಿದ್ದರೆ ಸೀಲ್‌ಗಳನ್ನು ಬದಲಿಸುವ ಮೊದಲು ಎಂಜಿನ್ನಿನೊಳಗೆ ಸೇರುವ ಅನಿಲಕ್ಕೆ ದಾರಿ ಬಿಡುವ ಪಿಸಿವಿ ವಾಲ್ವ್ ನೋಡಿ. ಹೆಬ್ಬೆರಳಿನಷ್ಟು ದೊಡ್ಡ ಆ ಭಾಗ ಕಟ್ಟಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಏರಿ ಎಲ್ಲ ಸೀಲುಗಳಿಂದಲೂ ಆಯಿಲ್ ಹೊರಗೆ ದಬ್ಬುತ್ತದೆ. ಅದನ್ನು ಬಿಟ್ಟು ಸೀಲ್ ಹಾಕಿಸಿದವರು ಮತ್ತೆ ಹಾಕಿಸಬೇಕಾಗುತ್ತದೆ.

ಕೂಲಂಟ್ ವಿಷಯದಲ್ಲಿ ಬಣ್ಣವನ್ನು ನಂಬಬೇಡಿ. ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಬೆರೆಸಿದ ಬಣ್ಣ, ರಾಸಾಯನಿಕದ ಗುರುತಲ್ಲ. ಹೊಂದದ ಎರಡು ಬಗೆ ಬೆರೆತರೆ ತುಕ್ಕು ತಡೆಯುವ ಗುಣ ಕುಂದುತ್ತದೆ, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗುತ್ತದೆ. ಒಳಗಿರುವುದು ಏನೆಂದು ಗೊತ್ತಿಲ್ಲವಾದ್ದರಿಂದ ಪೂರ್ತಿ ಇಳಿಸಿ, ನೀರು ತಿಳಿಯಾಗಿ ಬರುವವರೆಗೆ ತೊಳೆದು, ಕೈಪಿಡಿ ಹೇಳುವ ಬಗೆಯ ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಸೇರಿಸಿ ಹಾಕಿ. ನಲ್ಲಿ ನೀರಿನ ಖನಿಜ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ತುಂಬಿಸಿದ ಮೇಲೆ ಗಾಳಿ ತೆಗೆಯುವುದು ಮುಖ್ಯ: ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಥರ್ಮೋಸ್ಟ್ಯಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ಮಟ್ಟ ಇಳಿದಂತೆ ತುಂಬಿಸುತ್ತ ಹೋಗಬೇಕು. ಬ್ಲೀಡ್ ಸ್ಕ್ರೂ ಇದ್ದರೆ ಅದನ್ನೂ ಬಳಸಬೇಕು. ರೇಡಿಯೇಟರ್ ಕ್ಯಾಪ್ ಸಣ್ಣದೆಂದು ಬಿಡಬೇಡಿ. ಒತ್ತಡವಿಲ್ಲದಿದ್ದರೆ ಅರ್ಧಕ್ಕರ್ಧ ಕೂಲಂಟ್ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಹಿಡಿದಿಡುವ ಸುಮಾರು ಒಂದು ಬಾರ್ ಒತ್ತಡ ಆ ಮಿತಿಯನ್ನು 120 ಡಿಗ್ರಿಯ ಆಚೆಗೆ ಒಯ್ಯುತ್ತದೆ. ಸೋತ ಕ್ಯಾಪ್ ಇದ್ದರೆ ಉಳಿದೆಲ್ಲ ಹೊಸದಾಗಿದ್ದರೂ ಕಾರು ಕುದಿಯುತ್ತದೆ. ಕಾದಿರುವಾಗ ಅದನ್ನು ತೆರೆಯುವುದು ಕೈ ಮುಖ ಸುಟ್ಟುಕೊಳ್ಳುವ ಕೆಲಸ. ಆಯಿಲ್ ಮುಚ್ಚಳದಡಿ ಹಾಲಿನಂಥ ನೊರೆ ಕಂಡರೆ ಗಾಬರಿ ಬೇಡ, ಬರೀ ಸಣ್ಣ ಓಡಾಟದ ಕಾರಿನಲ್ಲಿ ತೇವದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಲೇಬೇಕು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಸರಳ ಪರೀಕ್ಷೆಯಿದೆ. ದಹನದ ಅನಿಲ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ.

ಹೆಚ್ಚು ಜಗಳ ನಡೆಯುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬಗ್ಗೆ. ‘ಇಷ್ಟು ವರ್ಷ ಬದಲಿಸಿಲ್ಲವಾದರೆ ಈಗ ಮುಟ್ಟಬೇಡಿ, ಬದಲಿಸಿದರೆ ಕೆಡುತ್ತದೆ’ ಎನ್ನುವ ಮಾತನ್ನು ಕೇಳದವರಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಆಯಿಲ್ ಸುಟ್ಟ ವಾಸನೆ ಬರುತ್ತಿದ್ದು, ಗೇರ್ ಆಗಲೇ ಜಾರುತ್ತಿದ್ದರೆ ಒಳಗಿನ ಕ್ಲಚ್ ಸವೆದಿದೆ. ಹೊಸ ಆಯಿಲ್ ಅದನ್ನು ಉಳಿಸದು, ಅಪವಾದ ಮಾತ್ರ ಹೊರುತ್ತದೆ. ಆದರೆ ಗೇರ್ ಸರಿಯಾಗಿ ಬೀಳುತ್ತಿರುವ ಪೆಟ್ಟಿಗೆಗೆ ಹಳೆಯ ಆಯಿಲನ್ನೇ ಉಳಿಸುವುದು ಸಾವನ್ನು ಕಾಯುವ ದಾರಿ. ಯಂತ್ರದ ಒತ್ತಡದಿಂದ ತೊಳೆಯುವ ಫ್ಲಶ್ ಬೇಡ, ಇಳಿಸಿ ತುಂಬಿಸುವ ಕ್ರಮ ಸಾಕು. ಒಟ್ಟು 8 ಲೀಟರ್ ಹಿಡಿಯುವ ಪೆಟ್ಟಿಗೆಯಿಂದ ಒಂದು ಸಲಕ್ಕೆ 4 ಲೀಟರ್ ಇಳಿದರೆ ಮೊದಲ ಸಲ ಅರ್ಧ ಹೊಸದು, ಎರಡನೇ ಸಲ ಮುಕ್ಕಾಲು, ಮೂರನೇ ಸಲಕ್ಕೆ ಶೇ 87ರಷ್ಟು. ನಡುನಡುವೆ ಕೆಲವು ನೂರು ಕಿ.ಮೀ. ಓಡಿಸಿ. ಎಷ್ಟು ಇಳಿಯಿತೋ ಅಳೆದು ಅಷ್ಟೇ ತುಂಬಿ, ಮಟ್ಟವನ್ನು ಕೈಪಿಡಿ ಹೇಳಿದ ಉಷ್ಣತೆಯಲ್ಲಿ ನೋಡಿ. ಸಿವಿಟಿಗೆ (ಗೇರ್‌ಗಳ ಬದಲು ಪುಲ್ಲಿ, ಬೆಲ್ಟ್ ಇರುವ ಆಟೊಮ್ಯಾಟಿಕ್) ಸಿವಿಟಿಯದೇ ಆಯಿಲ್, ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಪೆಟ್ಟಿಗೆಗೆ ಅದರದೇ. ‘ಎಲ್ಲಕ್ಕೂ ಆಗುತ್ತೆ’ ಎಂಬ ಡಬ್ಬಿಯನ್ನು ದೂರವಿಡಿ.

ಮ್ಯಾನುಯಲ್ ಗೇರ್‌ಬಾಕ್ಸ್ ಇನ್ನೂ ಸುಲಭ, ಆದರೂ ಎರಡು ಕಡೆ ಎಡವುತ್ತಾರೆ. ಇಳಿಸುವ ಬೋಲ್ಟ್ ಬಿಚ್ಚುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚುತ್ತದೆಯೇ ನೋಡಬೇಕು. ಆಯಿಲ್ ಪೂರ್ತಿ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ ಕಾರು ಅಲ್ಲೇ ಕೂತಿತು. ಇನ್ನೊಂದು, ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿದ ಜಾಗಕ್ಕೆ ಜಿಎಲ್-5 ‘ಇನ್ನೂ ಮೇಲಿನ ದರ್ಜೆ’ ಎಂದು ಹಾಕುವುದು. ಅದರಲ್ಲಿನ ಹೆಚ್ಚಿನ ಗಂಧಕದ ಸಂಯುಕ್ತಗಳು ಗೇರ್ ನಯವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಗ್ಗದಿರಬಹುದು, ಗೇರ್ ಬೀಳುವುದೂ ಒರಟಾಗುತ್ತದೆ.

ಉಳಿದವು ಸಣ್ಣವು. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ಫ್ಯೂಯೆಲ್ ಫಿಲ್ಟರ್, ಹೊರಗಿನ ಫ್ಯಾನ್ ಬೆಲ್ಟ್ ಎಲ್ಲವನ್ನೂ ಪ್ರಶ್ನೆಯಿಲ್ಲದೆ ಹೊಸದು ಹಾಕಿ. ಡೀಸೆಲ್ ಆಗಿದ್ದರೆ ಫಿಲ್ಟರಿನಡಿ ಸೇರಿದ ನೀರನ್ನು ಬಸಿಯಿರಿ. ಸ್ಪಾರ್ಕ್ ಪ್ಲಗ್‌ಗಳನ್ನು ತಣ್ಣನೆಯ ಎಂಜಿನ್ನಿನಲ್ಲೇ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಡಿ. ಒಂದಕ್ಕೆ ಮಾತ್ರ ಆಯಿಲ್ ಅಂಟಿದ್ದರೆ ಸಮಸ್ಯೆ ಎಲ್ಲಿದೆಯೆಂದು ಗೊತ್ತಾಯಿತು. ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ತೋರಿಸಬೇಕು. ವಿಚಿತ್ರ ವಿದ್ಯುತ್ ದೋಷಗಳಿದ್ದರೆ ಮೊದಲು ಬಾಡಿ ಮತ್ತು ಎಂಜಿನ್ನಿನ ಅರ್ತಿಂಗ್ ವೈರ್ ಬಿಚ್ಚಿ ಉಜ್ಜಿ ಹಾಕಿ. ಎಷ್ಟೋ ‘ಕಂಪ್ಯೂಟರ್ ಹೋಗಿದೆ’ ಎಂಬ ತೀರ್ಪುಗಳು ಅಲ್ಲಿಗೇ ಬಗೆಹರಿಯುತ್ತವೆ. ಕೆಳಗೆ ಇಳಿದಾಗ ಆಕ್ಸಲ್‌ನ ರಬ್ಬರ್ ಬೂಟ್, ಬಾಲ್ ಜಾಯಿಂಟ್, ಟೈ ರಾಡ್ ನೋಡಿ. ಬೂಟ್ ಹರಿದು ಇನ್ನೂ ಸದ್ದಿಲ್ಲದಿದ್ದರೆ ಬೂಟ್ ಮತ್ತು ಗ್ರೀಸ್ ಸಾಕು, ತಿರುವಿನಲ್ಲಿ ಟಕಟಕ ಶುರುವಾಗಿದ್ದರೆ ಜಾಯಿಂಟೇ ಹೋಗಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ ಹೋಗಬಾರದು, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಇರಲೇಬೇಕು.

ಕೆಲಸಗಳನ್ನು ಒಂದೇ ದಿನ ಮುಗಿಸುವ ಆಸೆ ಬೇಡ. ಹತ್ತು ಭಾಗ ಒಟ್ಟಿಗೆ ಬದಲಿಸಿದ ಮೇಲೆ ಹೊಸ ಸದ್ದೊಂದು ಬಂದರೆ ಯಾವುದರಿಂದ ಎಂದು ಹೇಳುವುದು ಕಷ್ಟ. ಸದ್ದಿಲ್ಲದೆ ಓಡುತ್ತಿರುವ ಆಲ್ಟರ್ನೇಟರ್, ಸ್ಟಾರ್ಟರ್, ಕ್ಲಚ್, ಸೆನ್ಸರ್‌ಗಳನ್ನು ವಯಸ್ಸಿನ ಕಾರಣಕ್ಕೆ ಬದಲಿಸಬೇಡಿ. ಕಾರಿನ ಜೊತೆ ಬಂದ ಮೂಲ ಭಾಗ ಗುಣಮಟ್ಟ ತಿಳಿಯದ ಹೊಸದಕ್ಕಿಂತ ಹೆಚ್ಚು ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ಮಾಡಿದ ಪ್ರತಿಯೊಂದನ್ನೂ ದಿನಾಂಕ, ಕಿ.ಮೀ., ಆಯಿಲಿನ ದರ್ಜೆ, ಭಾಗದ ಸಂಖ್ಯೆ ಸಹಿತ ಒಂದು ನೋಟ್‌ಬುಕ್‌ನಲ್ಲಿ ಬರೆದು ಕಾರಿನಲ್ಲೇ ಇಡಿ. ಟೈಮಿಂಗ್ ಬೆಲ್ಟ್ ಬದಲಿಸಿದ ದಿನಾಂಕ ಮತ್ತು ಕಿ.ಮೀ.ಯನ್ನು ಬಾನೆಟ್ ಒಳಗೆ ಸ್ಟಿಕ್ಕರಿನಲ್ಲೂ ಅಂಟಿಸಿ.

ಕೊನೆಗೆ ನಿಮ್ಮಲ್ಲೊಂದು ಮನವಿ. ವಾಹನಗಳ ಬಗ್ಗೆ ಬರೆಯುವಾಗ ಸರ್ವೀಸ್ ಅವಧಿಯನ್ನು ಕಿಲೋಮೀಟರಿನಲ್ಲಿ ಮಾತ್ರ ಪ್ರಕಟಿಸುವ ರೂಢಿ ಇದೆ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡುವ ಕಾರಿನ ಬೆಲ್ಟ್, ಬ್ರೇಕ್ ಆಯಿಲ್, ಟೈರು, ಕೂಲಂಟ್ ಹಾಳಾಗುವುದು ಓಟದಿಂದಲ್ಲ, ವಯಸ್ಸಿನಿಂದ. ಇನ್ನು ಮುಂದೆ ಕಿ.ಮೀ. ಪಕ್ಕದಲ್ಲಿ ವರ್ಷವನ್ನೂ, ‘ಯಾವುದು ಮೊದಲೋ ಅದು’ ಎಂಬ ಮಾತನ್ನೂ ಸೇರಿಸಿ ಅಚ್ಚು ಮಾಡಬೇಕೆಂದು ಕೋರುತ್ತೇವೆ.

ಇಂತಿ,
ವಾಹನ ದುರಸ್ತಿ ಬಲ್ಲ ಓದುಗರು